ಸೀಸದ ತಂತಿ ಮತ್ತು ಗಡಿಯಾರ: ಭೌತವಿಜ್ಞಾನಿ ಆಂಡ್ರೇಡ್ ಬದುಕಿನ ಕಥೆ

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಪ್ರಯೋಗಾಲಯ. 20ನೇ ಶತಮಾನದ ಮೊದಲ ದಶಕ ಮುಗಿಯುತ್ತಿದ್ದ ಕಾಲ. ಮೇಲಿನ ಆಧಾರದಿಂದ ಲೋಹದ ತಂತಿಯೊಂದು ನೇತಾಡುತ್ತಿದೆ. ತುದಿಯಲ್ಲಿ ವಿಚಿತ್ರ ಆಕಾರದ ತೂಕ. ಅದರ ಕೆಳಭಾಗ ನೀರಿನಲ್ಲಿ ಮುಳುಗಿದೆ. ತಂತಿ ತುಂಡಾಗಿಲ್ಲ, ಕರಗಿಯೂ ಇಲ್ಲ. ಬರಿಗಣ್ಣಿಗೆ ಅಲ್ಲಿ ಏನೂ ನಡೆಯುತ್ತಿರುವಂತೆ ಕಾಣುವುದಿಲ್ಲ. ಆದರೂ ಇಪ್ಪತ್ತೆರಡರ ಆಸುಪಾಸಿನ ಸಂಶೋಧಕನೊಬ್ಬ ಒಮ್ಮೆ ಗಡಿಯಾರವನ್ನು, ಒಮ್ಮೆ ತಂತಿಯ ಉದ್ದವನ್ನು ನೋಡಿ ಅಂಕಿಗಳನ್ನು ಬರೆದುಕೊಳ್ಳುತ್ತಿದ್ದಾನೆ. ತಂತಿ ಉದ್ದವಾಗುತ್ತಿದೆ. ತೂಕ ಹೆಚ್ಚಿಸಿದ್ದಕ್ಕಲ್ಲ, ಕಾಲ ಸರಿದದ್ದಕ್ಕೆ.

ಆ ಯುವಕನೇ ಎಡ್ವರ್ಡ್ ನೆವಿಲ್ ಡ ಕೋಸ್ಟ ಆಂಡ್ರೇಡ್. ಮುಂದೆ ಅವರು ರುದರ್‌ಫೋರ್ಡ್ ಅವರ ಜೊತೆ ದುಡಿದರು. ಪರಮಾಣುವನ್ನು ಸಾಮಾನ್ಯರಿಗೆ ಪರಿಚಯಿಸುವ ಪುಸ್ತಕಗಳನ್ನು ಬರೆದರು. ಬಿಬಿಸಿ ರೇಡಿಯೋದ ಬ್ರೈನ್ಸ್ ಟ್ರಸ್ಟ್ ಕಾರ್ಯಕ್ರಮದಲ್ಲಿ ಕೇಳುಗರ ಪ್ರಶ್ನೆಗಳಿಗೆ ಉತ್ತರಿಸಿದರು. ಕವನ ಸಂಕಲನವನ್ನೂ ಹೊರತಂದರು. ಆದರೆ ಈ ಯಾವ ಕೆಲಸವೂ ಅವರ ಹೆಸರನ್ನು ಆ ತಂತಿಯಷ್ಟು ಕಾಲ ಉಳಿಸಲಿಲ್ಲ. ವಿದ್ಯುತ್ ಸ್ಥಾವರದ ಬಾಯ್ಲರ್ ಕೊಳವೆಯ ಆಯುಷ್ಯ ಲೆಕ್ಕ ಹಾಕುವವರಾಗಲಿ, ವಿಮಾನದ ಎಂಜಿನ್ ವಿನ್ಯಾಸ ಮಾಡುವವರಾಗಲಿ ಇಂದಿಗೂ ಆಂಡ್ರೇಡ್ ನಿಯಮ ಎಂಬ ಹೆಸರನ್ನು ಎದುರಾಗದೆ ಇರಲಾರರು.

ಕಾಲವಿಲ್ಲದ ನಿಯಮ

ಲೋಹಕ್ಕೆ ಎರಡೇ ಸ್ವಭಾವ ಎಂದು ನಾವೆಲ್ಲ ಶಾಲೆಯಲ್ಲಿ ಕಲಿತಿದ್ದೇವೆ. ಮಿತಿಯೊಳಗೆ ಎಳೆದರೆ ಹಿಗ್ಗಿ, ಬಿಟ್ಟರೆ ಮೊದಲಿನಂತಾಗುತ್ತದೆ. ಮಿತಿ ಮೀರಿದರೆ ಶಾಶ್ವತವಾಗಿ ಬಾಗುತ್ತದೆ, ಇಲ್ಲವೆ ಮುರಿಯುತ್ತದೆ. 1678ರಲ್ಲಿ ರಾಬರ್ಟ್ ಹುಕ್ ಪ್ರಕಟಿಸಿದ ನಿಯಮ ಇದರ ಬುನಾದಿ. ಎಷ್ಟು ಬಲವೋ ಅಷ್ಟು ಹಿಗ್ಗುವಿಕೆ ಎಂಬುದು ಅದರ ಸಾರ. ಬಲವನ್ನು ಎಷ್ಟು ಹೊತ್ತು ಹಾಕಿದ್ದೇವೆ ಎಂಬ ಪ್ರಶ್ನೆಗೆ ಅಲ್ಲಿ ಜಾಗವೇ ಇಲ್ಲ. ಒಂದು ನಿಮಿಷವಾದರೂ ಅಷ್ಟೇ, ಹತ್ತು ವರ್ಷವಾದರೂ ಅಷ್ಟೇ.

ವಾಸ್ತವ ಹಾಗಿಲ್ಲ. ಮಿತಿಯೊಳಗಿನ ಭಾರವನ್ನೇ ಬಹುಕಾಲ ಹೊರಿಸಿದರೆ ಲೋಹ ಮೆಲ್ಲಮೆಲ್ಲನೆ ಜಗ್ಗುತ್ತದೆ; ಬಿಸಿ ಹೆಚ್ಚಿದಷ್ಟೂ ಬೇಗ ಜಗ್ಗುತ್ತದೆ. ಎಂಜಿನಿಯರುಗಳು ಇದನ್ನು ಕ್ರೀಪ್ ಎನ್ನುತ್ತಾರೆ, ಎಂದರೆ ತೆವಳಿಕೆ. ಎಷ್ಟು ಬಿಸಿಯಾದರೆ ತೆವಳಿಕೆ ಲೆಕ್ಕಕ್ಕೆ ಬರುತ್ತದೆ ಎಂಬುದು ಆಯಾ ಲೋಹದ ಕರಗುವ ಬಿಂದುವನ್ನು ಅವಲಂಬಿಸಿದೆ. ಕೆಲ್ವಿನ್ ಮಾನದಲ್ಲಿ ಅಳೆದಾಗ ಕರಗುವ ಉಷ್ಣತೆಯ ಸುಮಾರು ಶೇ 40ರ ಗಡಿ ದಾಟಿದರೆ ಎಚ್ಚರ ವಹಿಸಬೇಕೆಂಬುದು ರೂಢಿಯ ಲೆಕ್ಕ. ಸೀಸ ಕರಗುವುದು 327 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಎಂದರೆ ಸುಮಾರು 600 ಕೆಲ್ವಿನ್‌ನಲ್ಲಿ. ನಮ್ಮ ಕೋಣೆಯ ಉಷ್ಣತೆ ಸುಮಾರು 300 ಕೆಲ್ವಿನ್. ನಮಗೆ ತಣ್ಣಗೆ ಕಾಣುವ ಸೀಸ, ತನ್ನ ಮಟ್ಟಿಗೆ ಕರಗುವ ದಾರಿಯಲ್ಲಿ ಅರ್ಧ ಸಾಗಿರುತ್ತದೆ. ಯೂರೋಪಿನ ಹಳೆಯ ಚರ್ಚುಗಳ ಇಳಿಜಾರು ಮಾಡಿಗೆ ಹೊದಿಸಿದ ಸೀಸದ ಹಾಳೆ ಶತಮಾನಗಳಲ್ಲಿ ತನ್ನ ಭಾರಕ್ಕೆ ತಾನೇ ಕೆಳಗೆ ಜಾರಿ ಮಡಿಕೆಗಟ್ಟಿರುವುದು ಇದೇ ಕಾರಣಕ್ಕೆ. ಯುವಕ ಆಂಡ್ರೇಡ್ ಪ್ರಯೋಗಕ್ಕೆ ಸೀಸವನ್ನು ಆರಿಸಿಕೊಂಡದ್ದು ಏಕೆ ಎಂಬುದೂ ಇದರಿಂದ ತಿಳಿಯುತ್ತದೆ. ಕುಲುಮೆಯ ಗೊಡವೆಯಿಲ್ಲದೆ, ಕೋಣೆಯಲ್ಲೇ ಕುಳಿತು, ಬಿಸಿ ಲೋಹದ ನಡತೆಯನ್ನು ನೋಡಬಹುದಿತ್ತು.

ಈ ವಿದ್ಯಮಾನವನ್ನು ಮೊದಲು ಕಂಡವರು ಅವರೇನಲ್ಲ. ಫ್ರಾನ್ಸಿನ ಎಂಜಿನಿಯರ್ ಲೂಯಿ ವಿಕಾ ತೂಗುಸೇತುವೆಗಳ ಕಬ್ಬಿಣದ ತಂತಿಗಳಿಗೆ ಭಾರ ಕಟ್ಟಿ 33 ತಿಂಗಳು ಕಾದು, ಅವು ನಿಧಾನವಾಗಿ ಹಿಗ್ಗಿದ್ದನ್ನು 1834ರಲ್ಲಿ ವರದಿ ಮಾಡಿದ್ದರು. ಕಂಡವರಿದ್ದರು. ಆದರೆ ಹಿಗ್ಗುವಿಕೆ ಕಾಲದೊಡನೆ ಯಾವ ಲೆಕ್ಕದಲ್ಲಿ ನಡೆಯುತ್ತದೆ ಎಂಬುದಕ್ಕೆ ಒಪ್ಪುವಂಥ ಸೂತ್ರ ಇರಲಿಲ್ಲ.

ಮುಳುಗುವ ತೂಕದ ಉಪಾಯ

ಆಂಡ್ರೇಡ್ ಹುಟ್ಟಿದ್ದು 1887ರ ಡಿಸೆಂಬರ್ 27ರಂದು, ಲಂಡನ್ನಿನಲ್ಲಿ. ಐಬೀರಿಯಾ ಮೂಲದ ಸೆಫಾರ್ಡಿ ಯಹೂದಿ ವಂಶ. ಹೆಸರಿನಲ್ಲಿರುವ ಡ ಕೋಸ್ಟ ಅದರ ಗುರುತು. ಸೇಂಟ್ ಡನ್‌ಸ್ಟನ್ಸ್ ಕಾಲೇಜಿನಲ್ಲಿ ಶಾಲಾ ಶಿಕ್ಷಣ, ಅನಂತರ ಯೂನಿವರ್ಸಿಟಿ ಕಾಲೇಜಿನಲ್ಲಿ ಭೌತವಿಜ್ಞಾನ. 1907ರಲ್ಲಿ ಪ್ರಥಮ ದರ್ಜೆಯಲ್ಲಿ ಪದವಿ. ಅಲ್ಲಿ ಪ್ರಾಧ್ಯಾಪಕರಾಗಿದ್ದವರು ಐರ್ಲೆಂಡಿನ ಫ್ರೆಡೆರಿಕ್ ಟ್ರೌಟನ್. ಡಾಂಬರಿನಂತೆ ಗಟ್ಟಿಯಾಗಿ ಕಂಡರೂ ಹರಿಯುವ ಪದಾರ್ಥಗಳ ಮೇಲೆ ಟ್ರೌಟನ್‌ರಿಗೆ ವಿಶೇಷ ಮೋಹ. 1904ರಲ್ಲಿ ಅವರು ಎ. ಓ. ರಾಂಕಿನ್ ಎಂಬ ಕಿರಿಯ ಸಹೋದ್ಯೋಗಿಯೊಡನೆ ಸೀಸದ ತಂತಿಯ ಹಿಗ್ಗುವಿಕೆ ಕುರಿತು ಲೇಖನ ಪ್ರಕಟಿಸಿದ್ದರು. (ರಾಂಕಿನ್ ಎಂಬ ಹೆಸರನ್ನು ಓದುಗರು ನೆನಪಿನಲ್ಲಿಡಬೇಕು. ಅರ್ಧ ಶತಮಾನದ ಬಳಿಕ ಅವರು ಈ ಕಥೆಯಲ್ಲಿ ಬೇರೊಂದು ಪಾತ್ರದಲ್ಲಿ ಮರಳುತ್ತಾರೆ.)

ಆಂಡ್ರೇಡ್ ಕೈಗೆತ್ತಿಕೊಂಡದ್ದು ಅದೇ ಪ್ರಶ್ನೆಯನ್ನು. ಆದರೆ ಹಿಂದಿನವರ ಪ್ರಯೋಗದಲ್ಲಿದ್ದ ದೋಷವೊಂದು ಅವರ ಕಣ್ಣಿಗೆ ಬಿತ್ತು. ತಂತಿಗೆ ಹತ್ತು ಕಿಲೋ ಭಾರ ಕಟ್ಟಿದ್ದೇವೆ ಎನ್ನೋಣ. ತಂತಿ ಹಿಗ್ಗಿದಂತೆ ತೆಳ್ಳಗಾಗುತ್ತದೆ. ಭಾರ ಅಷ್ಟೇ ಇದ್ದರೂ ಅದನ್ನು ಹೊರುವ ಲೋಹದ ದಪ್ಪ ಕಡಿಮೆಯಾದ್ದರಿಂದ, ಪ್ರತಿ ಚದರ ಮಿಲಿಮೀಟರಿನ ಮೇಲಿನ ಎಳೆತ, ಎಂದರೆ ಪೀಡನ, ಏರುತ್ತಲೇ ಹೋಗುತ್ತದೆ. ಒಂದೇ ಪೀಡನದಲ್ಲಿ ಲೋಹ ಹೇಗೆ ನಡೆದುಕೊಳ್ಳುತ್ತದೆ ಎಂದು ತಿಳಿಯಹೊರಟವರು ಕ್ಷಣಕ್ಷಣಕ್ಕೂ ಬೇರೆ ಪೀಡನವನ್ನು ಹೇರುತ್ತಿದ್ದರು. ಅಳತೆ ಸರಿಯಿತ್ತು, ಅಳೆಯುತ್ತಿದ್ದ ಸಂಗತಿಯೇ ಜಾರಿಹೋಗಿತ್ತು.

ಇದಕ್ಕೆ ಅವರು ಕಂಡುಕೊಂಡ ಪರಿಹಾರ ಸರಳ. ತಂತಿಯ ಗಾತ್ರ ಬದಲಾಗುವುದಿಲ್ಲ. ಉದ್ದ ಎರಡರಷ್ಟಾದರೆ ಅಡ್ಡಕೊಯ್ತದ ವಿಸ್ತಾರ ಅರ್ಧಕ್ಕಿಳಿಯುತ್ತದೆ. ಹಾಗಾದರೆ ಭಾರವೂ ಅದೇ ಪ್ರಮಾಣದಲ್ಲಿ ತಾನಾಗಿ ಇಳಿಯಬೇಕು. ಅದಕ್ಕಾಗಿ ಅವರು ತೂಕವನ್ನು ಲೆಕ್ಕಹಾಕಿದ ಬಾಗಿನ ಆಕಾರದಲ್ಲಿ ಮಾಡಿಸಿ ಅದರ ಕೆಳಗೆ ನೀರಿನ ಪಾತ್ರೆ ಇಟ್ಟರು. ತಂತಿ ಹಿಗ್ಗಿದಂತೆ ತೂಕ ನೀರಿನೊಳಗೆ ಇಳಿಯುತ್ತದೆ. ಬಾವಿಯಲ್ಲಿ ಮುಳುಗಿದ ಕೊಡ ಹಗುರವೆನಿಸುವಂತೆ, ಮುಳುಗಿದಷ್ಟೂ ನೀರು ಅದನ್ನು ಮೇಲಕ್ಕೆತ್ತಿ ಹಗುರಗೊಳಿಸುತ್ತದೆ. ತಂತಿ ಎಷ್ಟು ತೆಳ್ಳಗಾಯಿತೋ ಭಾರವೂ ಅಷ್ಟೇ ತಗ್ಗುತ್ತದೆ. ಪೀಡನ ಮಾತ್ರ ಮೊದಲಿನಿಂದ ಕೊನೆಯವರೆಗೆ ಒಂದೇ. ಆರ್ಕಿಮಿಡೀಸನ ಕಾಲದಿಂದ ತಿಳಿದಿದ್ದ ತತ್ತ್ವ ಅದು. ಇಲ್ಲಿ ಬಳಸಲು ಮಾತ್ರ ಯಾರಿಗೂ ತೋಚಿರಲಿಲ್ಲ. ಈ ಒಂದು ಉಪಾಯವೇ ಅವರ ಬದುಕಿನ ಅತ್ಯಂತ ಚೆಂದದ ಕೆಲಸ ಎಂಬುದು ಈ ಲೇಖಕನ ಅಭಿಪ್ರಾಯ.

1910ರಲ್ಲಿ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟವಾಯಿತು. ಹಿಂದಿನವರು ಒಂದೇ ಎಂದುಕೊಂಡಿದ್ದ ಹಿಗ್ಗುವಿಕೆಯಲ್ಲಿ ಎರಡು ಬೇರೆ ಬೇರೆ ಹರಿವುಗಳಿದ್ದವು. ಭಾರ ಬಿದ್ದ ಕ್ಷಣದ ತಟ್ಟನೆಯ ಹಿಗ್ಗುವಿಕೆಯನ್ನು ಬದಿಗಿಟ್ಟರೆ, ಮೊದಲನೆಯದು ಆರಂಭದಲ್ಲಿ ವೇಗವಾಗಿದ್ದು ಬರಬರುತ್ತ ಸೋಲುವ ಹರಿವು. ಅವರು ಅದನ್ನು ಬೀಟಾ ಎಂಬ ಗ್ರೀಕ್ ಅಕ್ಷರದಿಂದ ಗುರುತಿಸಿದರು. ಇದು ಕಾಲದ ಘನಮೂಲವನ್ನು ಅನುಸರಿಸುತ್ತದೆ. ಘನಮೂಲ ಎಂದೊಡನೆ ಓದುಗರು ಹಿಂಜರಿಯಬೇಕಿಲ್ಲ. ಮೊದಲ ಒಂದು ಗಂಟೆಯಲ್ಲಿ ತಂತಿ 1 ಮಿಲಿಮೀಟರ್ ಹಿಗ್ಗಿದ್ದರೆ, 2 ಮಿಲಿಮೀಟರ್ ತಲುಪಲು 8 ಗಂಟೆ ಬೇಕು, 3 ಮಿಲಿಮೀಟರ್ ತಲುಪಲು 27 ಗಂಟೆ. 10 ಮಿಲಿಮೀಟರ್ ಆಗಬೇಕಾದರೆ 1000 ಗಂಟೆ, ಎಂದರೆ ಸುಮಾರು 42 ದಿನ. ಲೋಹ ಹಿಗ್ಗುತ್ತ ಹಿಗ್ಗುತ್ತ ತನ್ನನ್ನು ತಾನೇ ಗಟ್ಟಿ ಮಾಡಿಕೊಳ್ಳುತ್ತದೆ.

ಎರಡನೆಯದು ಸೋಲದ ಹರಿವು. ಜೇನುತುಪ್ಪ ಸುರಿಯುವಂತೆ ಒಂದೇ ವೇಗದಲ್ಲಿ ನಡೆಯುತ್ತಲೇ ಇರುತ್ತದೆ. ತಣ್ಣಗಿರುವಾಗ ಇದು ಇಲ್ಲವೆನ್ನುವಷ್ಟು ಅಲ್ಪ, ಬಿಸಿ ಏರಿದಂತೆ ಇದೇ ಮೇಲುಗೈ. ಆರಂಭದಲ್ಲಿ ಮೊದಲ ಹರಿವಿನ ಗದ್ದಲದಲ್ಲಿ ಕಾಣಿಸದೆ ಇದ್ದು, ದಿನಗಳು ಉರುಳಿದ ಮೇಲೆ ಇದೊಂದೇ ಉಳಿಯುತ್ತದೆ. ಯಂತ್ರಗಳಿಗೆ ನಿಜವಾದ ಕಂಟಕ ಇದೇ. ಕೊನೆಯ ಹಂತದಲ್ಲಿ ತಂತಿ ಒಮ್ಮೆಲೇ ವೇಗ ಪಡೆದು ತುಂಡಾಗುವುದರಲ್ಲೂ ದೊಡ್ಡ ಪಾಲು ಲೋಹದ ಗುಣವಲ್ಲ, ತೆಳ್ಳಗಾದ ತಂತಿಯ ಮೇಲೆ ಏರಿದ ಪೀಡನದ್ದು ಎಂಬುದೂ ಮುಳುಗುವ ತೂಕದಿಂದಾಗಿ ಬೆಳಕಿಗೆ ಬಂತು.

1914ರಲ್ಲಿ ಎರಡನೆಯ ಲೇಖನ ಬಂತು. ಹೆಪ್ಪುಗಟ್ಟಿಸಿದ ಪಾದರಸದಿಂದ ಹಿಡಿದು ಕಾಯಿಸಿದ ಕಬ್ಬಿಣದವರೆಗೆ, ಲೋಹ ಯಾವುದಾದರೇನು, ಅದಕ್ಕೆ ತಕ್ಕ ಉಷ್ಣತೆಗೆ ತಂದರೆ ನಡತೆ ಒಂದೇ ಬಗೆಯದು ಎಂಬುದು ಅದರ ತಾತ್ಪರ್ಯ. ಅಂಥ ಉಷ್ಣತೆಯಲ್ಲಿ ಸೀಸ ಮೆತ್ತನೆಯದು, ಕಬ್ಬಿಣ ಗಟ್ಟಿ ಎಂಬ ಭೇದಕ್ಕೆ ಹೆಚ್ಚು ಅರ್ಥ ಉಳಿಯಲಿಲ್ಲ.

ಹೈಡೆಲ್‌ಬರ್ಗ್, ಮ್ಯಾಂಚೆಸ್ಟರ್, ರಣರಂಗ

ಮೊದಲ ಲೇಖನ ಪ್ರಕಟವಾಗುವ ಹೊತ್ತಿಗೆ ಆಂಡ್ರೇಡ್ ಜರ್ಮನಿಯತ್ತ ಮುಖ ಮಾಡಿದ್ದರು. ಹೈಡೆಲ್‌ಬರ್ಗ್‌ನಲ್ಲಿ ಫಿಲಿಪ್ ಲೆನಾರ್ಡ್ ಅವರ ಬಳಿ, ಜ್ವಾಲೆಗಳ ವಿದ್ಯುತ್ ಗುಣಗಳ ಮೇಲೆ ಸಂಶೋಧನೆ ನಡೆಸಿ 1911ರಲ್ಲಿ ಡಾಕ್ಟರೇಟ್ ಪಡೆದರು. ಲೆನಾರ್ಡ್ 1905ರ ನೊಬೆಲ್ ಪುರಸ್ಕೃತರು. ಅದೇ ಲೆನಾರ್ಡ್ ಮುಂದೆ ಹಿಟ್ಲರನ ಬೆಂಬಲಿಗರಾಗಿ, ಐನ್‌ಸ್ಟೈನ್ ಸಿದ್ಧಾಂತವನ್ನು ಯಹೂದಿ ಭೌತವಿಜ್ಞಾನವೆಂದು ಹೀಗಳೆಯುವ ಗುಂಪಿನ ಮುಂದಾಳಾದರು. ಯಹೂದಿ ವಂಶದ, ಅದರಲ್ಲೂ ಇಂಗ್ಲಿಷ್ ಶಿಷ್ಯನೊಬ್ಬ ಅವರ ಪ್ರಯೋಗಾಲಯದಿಂದ ಪದವಿ ಪಡೆದು ಹೊರಬಂದಿದ್ದ ಎಂಬುದು ಇತಿಹಾಸದ ವ್ಯಂಗ್ಯಗಳಲ್ಲೊಂದು.

ಅನಂತರ ಕೇಂಬ್ರಿಜ್, ಮತ್ತೆ ಲಂಡನ್, ಕೊನೆಗೆ ಮ್ಯಾಂಚೆಸ್ಟರಿನಲ್ಲಿ ರುದರ್‌ಫೋರ್ಡ್. ಪರಮಾಣುವಿನ ಬೀಜಕೇಂದ್ರ ಪತ್ತೆಯಾಗಿ ಕೆಲವೇ ವರ್ಷ ಕಳೆದಿದ್ದ ಆ ಪ್ರಯೋಗಾಲಯ ಆಗ ಭೌತವಿಜ್ಞಾನದ ರಾಜಧಾನಿಯಂತಿತ್ತು. 1914ರಲ್ಲಿ ಇಬ್ಬರೂ ಸೇರಿ ಕಲ್ಲುಪ್ಪಿನ ಹರಳಿನಿಂದ ಗಾಮಾ ಕಿರಣಗಳ ತರಂಗಾಂತರವನ್ನು ಅಳೆದರು. ರೇಡಿಯಂ-ಬಿ ಎಂದು ಆಗ ಕರೆಯಲಾಗುತ್ತಿದ್ದ ವಿಕಿರಣಶೀಲ ವಸ್ತುವಿನ ಮೃದು ಗಾಮಾ ಕಿರಣಗಳ ರೋಹಿತವೂ ಸೀಸದ ಎಕ್ಸ್-ಕಿರಣ ರೋಹಿತವೂ ಒಂದೇ ಎಂದು ಕಂಡುಬಂತು. ರಾಸಾಯನಿಕವಾಗಿ ಒಂದೇ ಆಗಿದ್ದು ತೂಕದಲ್ಲಿ ಬೇರೆಯಾದ ಪರಮಾಣುಗಳಿವೆ ಎಂಬ ಐಸೊಟೋಪ್ ಕಲ್ಪನೆಗೆ ಇದು ಬಲವಾದ ಸಾಕ್ಷಿ. ಸೀಸ ಅವರ ಬೆನ್ನು ಬಿಡಲಿಲ್ಲ ಎನ್ನಬೇಕು.

ಅದೇ ವರ್ಷ ಯುದ್ಧ ಶುರುವಾಯಿತು. ಆಂಡ್ರೇಡ್ ರಾಯಲ್ ಗ್ಯಾರಿಸನ್ ಆರ್ಟಿಲರಿಯ ಅಧಿಕಾರಿಯಾಗಿ ಫ್ರಾನ್ಸಿನ ರಣರಂಗಕ್ಕೆ ಹೋದರು. ಬದುಕಿ ಮರಳಿದರು. 1920ರಲ್ಲಿ ವುಲಿಚ್‌ನ ಸೇನಾ ಕಾಲೇಜಿನಲ್ಲಿ ಭೌತವಿಜ್ಞಾನದ ಪ್ರಾಧ್ಯಾಪಕರಾದರು. 1923ರಲ್ಲಿ ಬಂದ ಅವರ ದಿ ಸ್ಟ್ರಕ್ಚರ್ ಆಫ್ ದಿ ಆಟಮ್ ಗ್ರಂಥ ಹೊಸ ಪರಮಾಣು ವಿಜ್ಞಾನವನ್ನು ಇಂಗ್ಲಿಷ್ ಓದುಗರ ಮುಂದಿಟ್ಟಿತು.

ಉಗಿಯೊಡನೆ ಬಂದ ಅಗತ್ಯ

ತಂತಿಯ ಸೂತ್ರದ ಗತಿ ಏನಾಯಿತು? ಹತ್ತು ವರ್ಷಗಳ ಕಾಲ ಎಂಜಿನಿಯರುಗಳು ಅದರತ್ತ ತಿರುಗಿಯೂ ನೋಡಲಿಲ್ಲ ಎಂದರೆ ತಪ್ಪಾಗದು. ಅವರಿಗೆ ಅದರ ಅಗತ್ಯವೇ ಬಿದ್ದಿರಲಿಲ್ಲ. ಅಂದಿನ ಉಗಿಯಂತ್ರಗಳ ಉಷ್ಣತೆಯಲ್ಲಿ ಉಕ್ಕು ಜಗ್ಗದೆ ನಿಲ್ಲುತ್ತಿತ್ತು. ಸೀಸದ ತಂತಿಯ ಮಾತು ಪ್ರಯೋಗಾಲಯದ ಕುತೂಹಲವಾಗಿ ಉಳಿಯಿತು.

ಪರಿಸ್ಥಿತಿ ಬದಲಾದದ್ದು 1920ರ ದಶಕದಲ್ಲಿ. ಉಗಿ ಬಿಸಿಯಾದಷ್ಟೂ ಅದೇ ಕಲ್ಲಿದ್ದಲಿನಿಂದ ಹೆಚ್ಚು ವಿದ್ಯುತ್ ಸಿಗುತ್ತದೆ. ಹಾಗಾಗಿ ಟರ್ಬೈನುಗಳ ಉಗಿಯ ಉಷ್ಣತೆ ಏರತೊಡಗಿತು. 1922ರಲ್ಲಿ ಬ್ರಿಟನ್ನಿನ ಡಿಕಿನ್‌ಸನ್ ಎಂಬ ಲೋಹತಜ್ಞರು ಮಂದ ಕೆಂಪಿಗೆ ಕಾದ ಉಕ್ಕು ಕೂಡ ಭಾರಕ್ಕೆ ನಿಧಾನವಾಗಿ ಹರಿಯುತ್ತದೆಂದು ತೋರಿಸಿದರು. ಉದ್ಯಮಕ್ಕೆ ಆಘಾತವಾಗಿರಬೇಕು. ಅಲ್ಲಿಯವರೆಗೆ ಉಕ್ಕಿನ ಬಲವನ್ನು ಕೆಲವು ನಿಮಿಷಗಳ ಪರೀಕ್ಷೆಯಿಂದ ನಿರ್ಧರಿಸಲಾಗುತ್ತಿತ್ತು. ನಿಮಿಷಗಳಲ್ಲಿ ಗೆದ್ದ ಉಕ್ಕು ವರ್ಷಗಳಲ್ಲಿ ಸೋಲಬಹುದು ಎಂದಾದರೆ ಆ ಪರೀಕ್ಷೆಯ ಅಂಕಿಗಳನ್ನು ನಂಬುವುದು ಹೇಗೆ? ಭಾರ ಹೊರಿಸಿದ ಉಕ್ಕಿನ ತುಂಡುಗಳನ್ನು ಕುಲುಮೆಯಲ್ಲಿಟ್ಟು ತಿಂಗಳುಗಟ್ಟಲೆ, ವರ್ಷಗಟ್ಟಲೆ ಕಾಯುವ ಪ್ರಯೋಗಾಲಯಗಳು ಹುಟ್ಟಿಕೊಂಡವು. ಆಂಡ್ರೇಡ್ ಸೂತ್ರ ಪತ್ರಿಕೆಯ ಹಳೆಯ ಸಂಪುಟದಿಂದ ಹೊರಬಂತು.

ನಮ್ಮ ರಾಜ್ಯದ ಉದಾಹರಣೆಯನ್ನೇ ನೋಡಬಹುದು. ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಮೊದಲ ಘಟಕ 1985ರಲ್ಲಿ ಆರಂಭವಾಯಿತು. ಇಂಥ 210 ಮೆಗಾವಾಟ್ ಘಟಕಗಳ ಉಗಿ ಕೊಳವೆಗಳು ಸುಮಾರು 540 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ, ಭಾರೀ ಒತ್ತಡದಲ್ಲಿ ಹಗಲಿರುಳು ಇರುತ್ತವೆ. ಬಾಯ್ಲರ್ ನಿಯಮಾವಳಿಯಲ್ಲಿ ಬರುವ ಒಂದು ಲಕ್ಷ ಗಂಟೆ ಎಂಬ ಅಂಕಿ ಕ್ರೀಪ್‌ಗೆ ಸಂಬಂಧಿಸಿದ್ದು. ಎಡೆಬಿಡದೆ ನಡೆದರೆ ಅದು ಸುಮಾರು ಹನ್ನೊಂದೂವರೆ ವರ್ಷ. ಅಷ್ಟು ದುಡಿದ ಬಾಯ್ಲರಿನ ಬಿಸಿ ಭಾಗಗಳಿಗೆ ಇನ್ನೆಷ್ಟು ಆಯುಷ್ಯ ಉಳಿದಿದೆ ಎಂದು ಪರೀಕ್ಷಿಸಬೇಕಾಗುತ್ತದೆ. ಕೊಳವೆ ಸೋರುವುದಿಲ್ಲ, ಬಿರುಕು ಕಾಣುವುದಿಲ್ಲ. ಆದರೂ ಅದರ ವ್ಯಾಸ ಕೂದಲೆಳೆಯಷ್ಟು ಹಿಗ್ಗಿರಬಹುದು, ಲೋಹದ ಕಣಗಳ ನಡುವೆ ಸೂಕ್ಷ್ಮ ಗುಳಿಗಳು ಹುಟ್ಟಿರಬಹುದು. ಹುಡುಕುವುದು ಅದನ್ನೇ.

ಒಂದೇ ಹರಳು

1928ರಲ್ಲಿ ಆಂಡ್ರೇಡ್ ತಾವು ಓದಿದ ಯೂನಿವರ್ಸಿಟಿ ಕಾಲೇಜಿಗೇ ಕ್ವೇನ್ ಪ್ರಾಧ್ಯಾಪಕರಾಗಿ ಮರಳಿದರು. 1950ರವರೆಗೆ ಅಲ್ಲಿಯೇ ಇದ್ದರು. 1935ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆದರು. ಎಂಜಿನಿಯರುಗಳಿಗೆ ಅಂಕಿಗಳು ಬೇಕಿದ್ದವು. ಆಂಡ್ರೇಡ್ ಅವರಿಗೆ ಬೇಕಿದ್ದದ್ದು ಕಾರಣ. ಲೋಹ ಹರಿಯುವುದೆಂದರೆ ಒಳಗೆ ಚಲಿಸುವುದಾದರೂ ಏನು?

ಸಾಮಾನ್ಯ ಲೋಹ ಅಸಂಖ್ಯ ಪುಟ್ಟ ಹರಳುಗಳ ಒಕ್ಕೂಟ. ಅವುಗಳ ನಡುವಿನ ಗಡಿಗಳು ವಿಷಯವನ್ನು ಗೋಜಲಾಗಿಸುತ್ತವೆ. ಆದ್ದರಿಂದ ಅವರು ಇಡೀ ತಂತಿಯೇ ಒಂದು ಹರಳಾಗಿರುವಂತೆ ಲೋಹವನ್ನು ಬೆಳೆಸಿ ಎಳೆದು ನೋಡಿದರು. ಚೀನಾದಿಂದ ಬಂದಿದ್ದ ಶಿಷ್ಯ ಚಿಯೆನ್ ಲಿನ್‌ಚಾವೊ ಜೊತೆ ಸೋಡಿಯಂ ಮತ್ತು ಪೊಟ್ಯಾಸಿಯಂ ಹರಳುಗಳ ಮೇಲೆ ನಡೆಸಿದ ಕೆಲಸ 1937ರಲ್ಲಿ ಪ್ರಕಟವಾಯಿತು. ಎಳೆದಾಗ ಹರಳು ಇಸ್ಪೀಟು ಎಲೆಗಳ ಕಟ್ಟು ಓರೆಯಾಗಿ ಜಾರಿದಂತೆ, ನಿರ್ದಿಷ್ಟ ದಿಕ್ಕಿನಲ್ಲಿ ಪದರಪದರವಾಗಿ ಜಾರುತ್ತದೆ. ಬ್ರೂಸ್ ಚಾಮರ್ಸ್ ಎಂಬ ಇನ್ನೊಬ್ಬ ಶಿಷ್ಯನೊಡನೆ ನೀರಿನ ಪಾತ್ರೆಯ ಬದಲಿಗೆ ಬಾಗಿದ ಅಂಚಿನ ಸನ್ನೆಕೋಲನ್ನು ರೂಪಿಸಿದರು. ಪೀಡನವನ್ನು ಸ್ಥಿರವಾಗಿಡುವ ಅದೇ ಕೆಲಸ, ಹೆಚ್ಚು ಅನುಕೂಲದ ಸಾಧನ. ದ್ರವಗಳ ಸ್ನಿಗ್ಧತೆ ಉಷ್ಣತೆಯೊಡನೆ ಹೇಗೆ ಇಳಿಯುತ್ತದೆ ಎಂಬುದಕ್ಕೆ ಅವರು ಕೊಟ್ಟ ಸಮೀಕರಣವೂ ಈ ಕಾಲದ್ದು. ಅದಕ್ಕೂ ಅವರ ಹೆಸರೇ ಇದೆ.

ಆದರೆ ಮೂಲ ಪ್ರಶ್ನೆಗೆ ಉತ್ತರದ ಕೀಲಿ ಬೇರೆಯವರ ಕೈಗೆ ಸಿಕ್ಕಿತು. 1934ರಲ್ಲಿ ಜಿ. ಐ. ಟೇಲರ್, ಒರೊವಾನ್ ಮತ್ತು ಪೊಲಾನಿ ಬೇರೆ ಬೇರೆಯಾಗಿ ಒಂದೇ ವಿಚಾರ ಮುಂದಿಟ್ಟರು. ಹರಳಿನ ಪರಮಾಣು ಸಾಲುಗಳಲ್ಲಿ ಡಿಸ್‌ಲೊಕೇಶನ್ ಎಂಬ ದೋಷರೇಖೆಗಳಿರುತ್ತವೆ. ಜಾರುವುದು ಇಡೀ ಪದರ ಒಮ್ಮೆಗೇ ಅಲ್ಲ, ಆ ರೇಖೆ ಮಾತ್ರ ಹೆಜ್ಜೆಹೆಜ್ಜೆಯಾಗಿ ಸರಿಯುತ್ತದೆ. ಭಾರವಾದ ಜಮಖಾನೆಯನ್ನು ಇಡಿಯಾಗಿ ಎಳೆಯಲಾಗದಿದ್ದರೂ ಒಂದು ಸುಕ್ಕು ಎಬ್ಬಿಸಿ ಅದನ್ನು ತುದಿಯವರೆಗೆ ತಳ್ಳಿದರೆ ಜಮಖಾನೆ ಸರಿಯುವುದಲ್ಲವೆ, ಹಾಗೆ. ರೇಖೆಗಳು ಒಂದಕ್ಕೊಂದು ಸಿಕ್ಕಿಕೊಂಡಾಗ ಲೋಹ ಗಟ್ಟಿಯಾಗುತ್ತದೆ, ಹರಿವು ಸೋಲುತ್ತದೆ. ಬಿಸಿಯಿದ್ದರೆ ಪರಮಾಣುಗಳು ಅಲುಗಾಡಿ ಸಿಕ್ಕು ಬಿಡಿಸುತ್ತವೆ, ಹರಿವು ಮುಂದುವರಿಯುತ್ತದೆ. ಆಂಡ್ರೇಡ್ ಕಂಡ ಎರಡು ಹರಿವುಗಳ ಹಿಂದಿದ್ದದ್ದು ಈ ಹಗ್ಗಜಗ್ಗಾಟ. ಅವರ ಘನಮೂಲಕ್ಕೆ ದೋಷರೇಖೆಗಳ ನೆಲೆಯಿಂದ ವಿವರಣೆ ಕೊಟ್ಟವರು ನೆವಿಲ್ ಮಾಟ್, 1953ರಲ್ಲಿ. ಅಳತೆಗೂ ವಿವರಣೆಗೂ ನಡುವೆ 43 ವರ್ಷ.

ಎರಡನೆಯ ಮಹಾಯುದ್ಧದಲ್ಲಿ ಆಂಡ್ರೇಡ್ ಸರಬರಾಜು ಸಚಿವಾಲಯದ ವೈಜ್ಞಾನಿಕ ಸಲಹೆಗಾರರಾಗಿದ್ದರು. 1940ರ ಬಾಂಬ್ ದಾಳಿಯಲ್ಲಿ ಯೂನಿವರ್ಸಿಟಿ ಕಾಲೇಜಿನ ಭೌತವಿಜ್ಞಾನ ಪ್ರಯೋಗಾಲಯ ನೆಲಸಮವಾಯಿತು.

ಅದೇ ಯುದ್ಧದ ದಿನಗಳಲ್ಲಿ ಕ್ರೀಪ್ ಜೀವನ್ಮರಣದ ಪ್ರಶ್ನೆಯಾಯಿತು. ಫ್ರಾಂಕ್ ವಿಟಲ್ ಅವರ ಜೆಟ್ ಎಂಜಿನ್ ಹೊತ್ತ ವಿಮಾನ 1941ರ ಮೇ 15ರಂದು ಮೊದಲ ಬಾರಿಗೆ ಹಾರಿತು. ಅದರ ಟರ್ಬೈನ್ ಬ್ಲೇಡುಗಳು ಕೆಂಪಗೆ ಕಾದು, ನಿಮಿಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಸುತ್ತು ತಿರುಗಬೇಕು. ತಿರುಗುವ ರಭಸಕ್ಕೆ ಬ್ಲೇಡು ತನ್ನನ್ನೇ ಹೊರಕ್ಕೆ ಎಳೆಯುತ್ತದೆ. ಆಂಡ್ರೇಡ್ ಪ್ರಯೋಗಾಲಯದ ತಂತಿಯೇ ಅದು. ಆದರೆ ಇಲ್ಲಿ ತಂತಿ ಹಿಗ್ಗಿದರೆ ಬ್ಲೇಡಿನ ತುದಿ ಸುತ್ತಲಿನ ಕವಚಕ್ಕೆ ಉಜ್ಜುತ್ತದೆ, ಎಂಜಿನ್ ಹಾಳಾಗುತ್ತದೆ. ಉಕ್ಕು ಸಾಲದಾಗಿ ಬ್ರಿಟಿಷರು ನಿಮೋನಿಕ್ ಎಂಬ ನಿಕ್ಕಲ್ ಮಿಶ್ರಲೋಹ ರೂಪಿಸಿದರು. ನಿಕ್ಕಲ್ ಕೊರತೆಯಿದ್ದ ಜರ್ಮನಿಯ ಜುಮೊ 004 ಜೆಟ್ ಎಂಜಿನ್ 10ರಿಂದ 25 ಗಂಟೆ ಓಡಿದರೆ ಅದೇ ಹೆಚ್ಚು ಎನ್ನುವಂತಿತ್ತು.

ಯುದ್ಧದ ನಂತರ ಬ್ಲೇಡು ಸಾಗಿದ ದಾರಿ ಆಂಡ್ರೇಡ್ ಪ್ರಯೋಗಾಲಯದ ದಾರಿಯೇ. ಹರಳುಗಳ ಗಡಿಯೇ ದುರ್ಬಲ ಜಾಗವಾದರೆ ಗಡಿಯೇ ಇಲ್ಲದಂತೆ ಮಾಡೋಣ ಎಂದು ಅಮೆರಿಕದ ಪ್ರಾಟ್ ಅಂಡ್ ವಿಟ್ನಿ ಕಂಪನಿ ಇಡೀ ಬ್ಲೇಡನ್ನು ಒಂದೇ ಹರಳಾಗಿ ಎರಕಹೊಯ್ಯುವ ತಂತ್ರ ರೂಪಿಸಿತು. 1980ರ ದಶಕದ ಆರಂಭದಲ್ಲಿ ಅಂಥ ಬ್ಲೇಡುಗಳು ಪ್ರಯಾಣಿಕ ವಿಮಾನಗಳಿಗೆ ಬಂದವು. ಭಾರತದಲ್ಲಿ ಹೈದರಾಬಾದಿನ ರಕ್ಷಣಾ ಲೋಹಶಾಸ್ತ್ರ ಸಂಶೋಧನಾಲಯ ಈ ತಂತ್ರವನ್ನು ಸಾಧಿಸಿ, ಹೆಲಿಕಾಪ್ಟರ್ ಎಂಜಿನ್‌ಗೆಂದು 60 ಏಕಸ್ಫಟಿಕ ಬ್ಲೇಡುಗಳನ್ನು ಬೆಂಗಳೂರು ಮೂಲದ ಎಚ್‌ಎಎಲ್‌ಗೆ ಒದಗಿಸಿದ ಸುದ್ದಿ 2021ರ ಏಪ್ರಿಲ್‌ನಲ್ಲಿ ಪ್ರಕಟವಾಗಿತ್ತು.

ರಾಂಕಿನ್ ಮರಳಿ ಬಂದರು

ಆಂಡ್ರೇಡ್ ಅವರದು ಹರಿತವಾದ ನಾಲಗೆ, ಹಾಸ್ಯಪ್ರಜ್ಞೆ, ಜೊತೆಗೆ ತಮ್ಮ ಮಾತೇ ನಡೆಯಬೇಕೆಂಬ ಹಠ. ಉಪನ್ಯಾಸ ವೇದಿಕೆಯಲ್ಲಿ ಇವೆಲ್ಲ ಶೋಭೆ ತಂದವು. 1927ರಲ್ಲಿ ರಾಯಲ್ ಇನ್‌ಸ್ಟಿಟ್ಯೂಷನ್ನಿನ ಕ್ರಿಸ್‌ಮಸ್ ಉಪನ್ಯಾಸ ಮಾಲೆಯಲ್ಲಿ ಮಕ್ಕಳಿಗೆ ಎಂಜಿನ್‌ಗಳ ಕುರಿತು ಅವರು ಮಾಡಿದ ಭಾಷಣಗಳು ಮರುವರ್ಷ ಪುಸ್ತಕವಾದವು. ಆಡಳಿತದ ಕುರ್ಚಿಯಲ್ಲಿ ಅದೇ ಗುಣಗಳು ಮುಳುವಾದವು.

1950ರಲ್ಲಿ ಅವರು ಅದೇ ರಾಯಲ್ ಇನ್‌ಸ್ಟಿಟ್ಯೂಷನ್ನಿನ ಪ್ರಯೋಗಾಲಯದ ನಿರ್ದೇಶಕರಾದರು. ಡೇವಿ, ಫ್ಯಾರಡೆ ದುಡಿದ ಜಾಗ. ಹಳೆಯ ಸಂಪ್ರದಾಯಗಳಲ್ಲಿ ಮುಳುಗಿದ್ದ ಸಂಸ್ಥೆಯನ್ನು ಬದಲಿಸಬೇಕು, ಅದಕ್ಕೆ ನಿರ್ದೇಶಕನ ಕೈಯಲ್ಲಿ ಅಧಿಕಾರ ಇರಬೇಕು ಎಂಬುದು ಅವರ ನಿಲುವು. ಸಂಸ್ಥೆಯ ವ್ಯವಸ್ಥೆ ಹಾಗಿರಲಿಲ್ಲ. ಅಧಿಕಾರ ವ್ಯವಸ್ಥಾಪಕ ಮಂಡಳಿ, ಕಾರ್ಯದರ್ಶಿ, ನಿರ್ದೇಶಕರ ನಡುವೆ ಹಂಚಿಹೋಗಿತ್ತು. ಕಾರ್ಯದರ್ಶಿಯಾಗಿದ್ದವರು ಎ. ಓ. ರಾಂಕಿನ್. 1904ರಲ್ಲಿ ಟ್ರೌಟನ್ ಜೊತೆ ಸೀಸದ ತಂತಿ ಎಳೆದ ಅದೇ ರಾಂಕಿನ್. ಒಂದೇ ಗುರುವಿನ ಗರಡಿಯಲ್ಲಿ ಪಳಗಿದ, ಒಂದೇ ಲೋಹವನ್ನು ಎಳೆದು ನೋಡಿದ ಇಬ್ಬರು, ಅರ್ಧ ಶತಮಾನದ ಬಳಿಕ ಎದುರುಬದುರಾದರು.

ಜಗಳ ಬೀದಿಗೆ ಬಂತು. 1952ರಲ್ಲಿ ಸದಸ್ಯರ ಸಭೆ ಆಂಡ್ರೇಡ್ ವಿರುದ್ಧ ಅವಿಶ್ವಾಸ ಸೂಚಿಸಿತು. ಅವರು ರಾಜೀನಾಮೆ ಕೊಟ್ಟು ಹೊರಬಂದರು. ಸಂಸ್ಥೆ ಬದಲಾಗಬೇಕಿತ್ತು ಎಂಬ ಅವರ ಮಾತಿನಲ್ಲಿ ಹುರುಳಿರಲಿಲ್ಲ ಎನ್ನಲಾಗದು. ಆದರೆ ತಂತಿಯ ಮುಂದೆ ಗಂಟೆಗಟ್ಟಲೆ ತಾಳ್ಮೆಯಿಂದ ಕೂರಬಲ್ಲವರಾಗಿದ್ದ ಅವರಿಗೆ ಮನುಷ್ಯರ ವಿಷಯದಲ್ಲಿ ಆ ತಾಳ್ಮೆ ಇರಲಿಲ್ಲ. ಮುಂದೆ ಆ ಸ್ಥಾನಕ್ಕೆ ಬಂದ ಲಾರೆನ್ಸ್ ಬ್ರಾಗ್ ಸಂಸ್ಥೆಯನ್ನು ಮತ್ತೆ ಹಳಿಗೆ ತಂದರು.

ಕೊನೆಯ ಎರಡು ದಶಕಗಳನ್ನು ಆಂಡ್ರೇಡ್ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಸಂಶೋಧಕರಾಗಿ ಕಳೆದರು. ಮತ್ತೆ ಲೋಹ, ಮತ್ತೆ ಹರಿವು. 1958ರಲ್ಲಿ ರಾಯಲ್ ಸೊಸೈಟಿ ಹ್ಯೂಸ್ ಪದಕ ನೀಡಿತು. ವಿಜ್ಞಾನದ ಇತಿಹಾಸ ಅವರ ಇನ್ನೊಂದು ಪ್ರೀತಿ. ನ್ಯೂಟನ್ನನ ಪತ್ರಗಳನ್ನು ಪ್ರಕಟಿಸುವ ರಾಯಲ್ ಸೊಸೈಟಿಯ ಯೋಜನೆಯಲ್ಲಿ ತೊಡಗಿಕೊಂಡರು. ನ್ಯೂಟನ್ನನ ನೆರಳಿನಲ್ಲಿ ಮರೆಯಾಗಿದ್ದ ರಾಬರ್ಟ್ ಹುಕ್‌ಗೆ ಸಲ್ಲಬೇಕಾದ ಮನ್ನಣೆ ಸಲ್ಲಬೇಕೆಂದು 1949ರ ವಿಲ್ಕಿನ್ಸ್ ಉಪನ್ಯಾಸದಲ್ಲಿ ವಾದಿಸಿದ್ದರು. ಕಾಲವೇ ಇಲ್ಲದ ನಿಯಮ ಕೊಟ್ಟವರ ಪರವಾಗಿ, ಅದಕ್ಕೆ ಕಾಲವನ್ನು ಸೇರಿಸಿದವರು ನಿಂತಿದ್ದರು. 17ನೇ ಶತಮಾನದ ವಿಜ್ಞಾನ ಗ್ರಂಥಗಳ ಅಪರೂಪದ ಸಂಗ್ರಹ ಅವರಲ್ಲಿತ್ತು. 1965ರಲ್ಲಿ ಅದು ಲಂಡನ್ನಿನಲ್ಲಿ ಹರಾಜಾಯಿತು.

1971ರ ಜೂನ್ 6ರಂದು, 83ನೇ ವಯಸ್ಸಿನಲ್ಲಿ ಆಂಡ್ರೇಡ್ ನಿಧನರಾದರು. ರಾಯಲ್ ಸೊಸೈಟಿಗೆ ಅವರ ಜೀವನಚರಿತ್ರೆ ಬರೆದವರು ಡಿಸ್‌ಲೊಕೇಶನ್ ಸಿದ್ಧಾಂತದ ಅಗ್ರಗಣ್ಯರಾದ ಅಲನ್ ಕಾಟ್ರೆಲ್.

ಅವರ ಘನಮೂಲ ಪ್ರಶ್ನಾತೀತವಾಗಿ ಉಳಿದಿಲ್ಲ. ಹಲವು ಲೋಹಗಳಲ್ಲಿ ಆ ಘಾತ ಸರಿಯಾಗಿ ಮೂರನೆಯ ಒಂದು ಭಾಗವಾಗಿರದೆ ಅದರ ಆಚೀಚೆ ಬರುತ್ತದೆ. ಮಾಟ್ ಕೊಟ್ಟ ವಿವರಣೆಯೂ ಎಲ್ಲರಿಗೂ ಸಮ್ಮತವಲ್ಲ. 2002ರಲ್ಲಿ ಭೌತವಿಜ್ಞಾನಿಗಳ ತಂಡವೊಂದು ದೋಷರೇಖೆಗಳ ಚಲನೆಯನ್ನು ಕಂಪ್ಯೂಟರಿನಲ್ಲಿ ಅನುಕರಿಸಿ, ಅವು ವಾಹನ ದಟ್ಟಣೆಯಂತೆ ಸಿಲುಕಿಕೊಳ್ಳುವುದರಿಂದ ಈ ನಿಯಮ ಹುಟ್ಟಬಹುದೆಂದು ತೋರಿಸಿತು. ಚರ್ಚೆ ಮುಗಿದಿಲ್ಲ. ಇತ್ತ ಸೂತ್ರ ಮಾತ್ರ ಲೋಹಗಳನ್ನು ದಾಟಿ ಮಂಜುಗಡ್ಡೆ, ಬಂಡೆಗಳವರೆಗೆ ಹೋಗಿದೆ. ಶನಿ ಗ್ರಹದ ಹಿಮಾವೃತ ಚಂದ್ರ ಎನ್ಸೆಲಡಸ್ ತನ್ನ ಗ್ರಹದ ಸೆಳೆತಕ್ಕೆ ಸಿಕ್ಕಿ ಹಿಗ್ಗಿ ಕುಗ್ಗುವಾಗ ಅದರೊಳಗೆ ಎಷ್ಟು ಶಾಖ ಹುಟ್ಟುತ್ತದೆ ಎಂದು ಲೆಕ್ಕ ಹಾಕುವ ಖಗೋಳ ವಿಜ್ಞಾನಿಗಳು ಬಳಸುವ ಮಾದರಿಗಳಲ್ಲೊಂದಕ್ಕೆ ಆಂಡ್ರೇಡ್ ಹೆಸರೇ ಇದೆ.